ಮೊಳಕೆ ಒಡೆಯುವುದು ಒಂದೇ ಕಣ್ಣಿನಿಂದ

ಹೋರಿಗೂ ಎತ್ತಿಗೂ ಏನು ವ್ಯತ್ಯಾಸ ಎಂಬುದನ್ನು ತಿಪಟೂರು ತಾಲ್ಲೂಕಿನ ಬಿಳಿಗೆರೆ ಕಡೆಯ ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದೇ ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಅಮೃತ್ ಮಹಲ್ ತಳಿಯ ಕೇಂದ್ರವಿದೆ. ಹಳ್ಳಿಕಾರ್ ಜೋಡಿ ಕಟ್ಟಿದ ಕೊಟ್ಟಿಗೆಗಳು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಇನ್ನೂ ಇವೆ. ಬೀಜ ಒಡೆಸಿದ ಹೋರಿ ಗುಟುರು ಹಾಕುವುದನ್ನು ಬಿಡುತ್ತದೆ, ಹಿಣಿಲು ಇಳಿಯುತ್ತದೆ, ನೊಗಕ್ಕೆ ಒಗ್ಗುತ್ತದೆ. ಇದನ್ನೆಲ್ಲ ಕಣ್ಣಾರೆ ಕಂಡ ಜನ, ಊರಿನ ಯಾರೋ ಯುವಕನಿಗೆ ಆಪರೇಷನ್ ಮಾಡಿ ಒಂದು ವೃಷಣ ತೆಗೆದರಂತೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಅದೇ ಅಳತೆಗೋಲು ಹಿಡಿಯುತ್ತಾರೆ. "ಇನ್ನು ಅವ್ನಿಗೆ ಮಕ್ಳಾದಂಗೇ ಬಿಡು" ಎನ್ನುವವರು ಕೆಲವರು. "ಗಂಡಸ್ತನಾನೇ ಅರ್ಧ ಆಯ್ತಲ್ಲಪ್ಪ" ಎಂದು ಮರುಗುವವರು ಇನ್ನು ಕೆಲವರು.

ಲೆಕ್ಕ ತಪ್ಪುವುದು ಇಲ್ಲೇ. ಪಶುವೈದ್ಯರು ಬರ್ಡಿಝೋ ಇಕ್ಕಳದಲ್ಲಿ ಒತ್ತುವುದು ಎರಡೂ ಕಡೆಯ ನಾಳಗಳನ್ನು. ಒಂದು ಕಡೆ ಸರಿಯಾಗಿ ಒತ್ತದೆ ಬಿಟ್ಟುಹೋದರೆ ಆ ಹೋರಿ ಹೋರಿಯಾಗಿಯೇ ಉಳಿಯುತ್ತದೆ, ಹಸುಗಳ ಹಿಂದೆ ಹೋಗುತ್ತದೆ, ಕರುವಿಗೆ ತಂದೆಯೂ ಆಗುತ್ತದೆ. ದನ ಸಾಕಿದ ಹಿರಿಯರಿಗೆ ಇದು ಗೊತ್ತಿರುವ ಸಂಗತಿಯೇ. ದನದ ವಿಚಾರದಲ್ಲಿ ತಪ್ಪದ ಈ ಲೆಕ್ಕ ಮನುಷ್ಯನ ವಿಚಾರಕ್ಕೆ ಬಂದ ಕೂಡಲೇ ಏಕೆ ತಪ್ಪುತ್ತದೆ? ನಾಚಿಕೆಯಿಂದ. ಕೊಟ್ಟಿಗೆಯಲ್ಲಿ ಬಾಯಿ ತುಂಬ ಆಡುವ ಮಾತನ್ನು ನಡುಮನೆಯಲ್ಲಿ ಯಾರೂ ಆಡುವುದಿಲ್ಲ.

ಈ ಲೇಖನ ಹೇಳಹೊರಟಿರುವುದು ಇಷ್ಟು: ಉಳಿದ ಒಂದು ವೃಷಣ ಆರೋಗ್ಯವಾಗಿದ್ದರೆ ಮಕ್ಕಳಾಗುವುದಕ್ಕೂ ಗಂಡಸಿನ ಹಾರ್ಮೋನಿಗೂ ಅದೊಂದೇ ಸಾಕು. ಬಹುಪಾಲು ಗಂಡಸರ ಬದುಕು ಕೆಡುವುದು ಒಂದನ್ನು ಕಳೆದುಕೊಂಡಿದ್ದರಿಂದಲ್ಲ. ತಡ ಮಾಡಿದ್ದರಿಂದ, ಮುಚ್ಚಿಟ್ಟಿದ್ದರಿಂದ, ಇಲ್ಲವೇ ತಪ್ಪು ಸೂಜಿ ಚುಚ್ಚಿಸಿಕೊಂಡಿದ್ದರಿಂದ.

ಎರಡು ಕಸುಬು

ವೃಷಣಕ್ಕೆ ಎರಡು ಕಸುಬು. ಒಂದು, ವೀರ್ಯಾಣು ತಯಾರಿಸುವುದು. ಎರಡನೆಯದು ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುವುದು. ಎರಡೂ ಒಂದೇ ಸೂರಿನಡಿ ನಡೆದರೂ ಕೆಲಸಗಾರರು ಬೇರೆ ಬೇರೆ. ಎಳೆಯಂತೆ ಸುತ್ತಿಕೊಂಡ ಸಣ್ಣ ಕೊಳವೆಗಳ ಒಳಗೋಡೆಯಲ್ಲಿ ವೀರ್ಯಾಣು ಹುಟ್ಟುತ್ತದೆ. ಆ ಕೊಳವೆಗಳ ನಡುವಿನ ಸಂದಿಯಲ್ಲಿ ಕೂತ ಲೇಡಿಗ್ ಕೋಶಗಳು ಹಾರ್ಮೋನು ಸುರಿಸುತ್ತವೆ. ಹೀಗಾಗಿ ಒಂದು ಕಸುಬು ಕೆಟ್ಟು ಇನ್ನೊಂದು ಚೆನ್ನಾಗಿ ನಡೆಯುವುದುಂಟು. ಗಡ್ಡ ಮೀಸೆ ದಟ್ಟವಾಗಿದ್ದು, ದಾಂಪತ್ಯದಲ್ಲಿ ಯಾವ ಕೊರತೆಯೂ ಇಲ್ಲದ ಗಂಡಸಿನ ವೀರ್ಯದಲ್ಲಿ ಒಂದೂ ವೀರ್ಯಾಣು ಇಲ್ಲದಿರಬಹುದು. ಆಡುಮಾತು ಈ ಎರಡನ್ನೂ 'ಷಂಡತನ' ಎಂಬ ಒಂದೇ ಬೈಗುಳದಲ್ಲಿ ಕಟ್ಟಿಹಾಕಿದೆ. ಅರ್ಧ ಗೊಂದಲ ಹುಟ್ಟಿರುವುದು ಅಲ್ಲಿಂದಲೇ.

ವೀರ್ಯಾಣುವಿನ ಪ್ರಮಾಣ ತೆಂಗು ಬೆಳೆಯುವವರಿಗೆ ಬೇಗ ಅರ್ಥವಾಗುತ್ತದೆ. ಒಂದು ಹೊಂಬಾಳೆಯಲ್ಲಿ ಗಂಡು ಹೂ ಸಾವಿರ ಸಾವಿರ. ಹರಳಾಗುವ ಹೆಣ್ಣು ಹೂ ಬೆರಳೆಣಿಕೆಯಷ್ಟು. ಪ್ರಕೃತಿ ಗಂಡಿನ ಕಡೆಯ ಲೆಕ್ಕವನ್ನು ಯಾವಾಗಲೂ ಧಾರಾಳವಾಗಿ ಬರೆಯುತ್ತದೆ. ಮನುಷ್ಯನ ವೃಷಣಗಳಲ್ಲೂ ದಿನಕ್ಕೆ ಕೋಟಿಗಟ್ಟಲೆ ವೀರ್ಯಾಣು ಹುಟ್ಟುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ ಒಂದು ಸ್ಖಲನದಲ್ಲಿ ಒಟ್ಟು 3.9 ಕೋಟಿ ವೀರ್ಯಾಣು ಇರುವುದು ಕೆಳಗಿನ ಗಡಿ; ಒಂದು ಮಿಲಿಲೀಟರಿನ ಲೆಕ್ಕದಲ್ಲಿ ಆ ಗಡಿ 1.6 ಕೋಟಿ. ಆ ಗಡಿಗಿಂತ ಕೆಳಗಿದ್ದವರಿಗೂ ಮಕ್ಕಳಾಗುವುದುಂಟು. ಎರಡು ವೃಷಣವಿರುವ ಹೆಚ್ಚಿನವರಲ್ಲಿ ಸಂಖ್ಯೆ ಇದಕ್ಕಿಂತ ಎಷ್ಟೋ ಮೇಲಿರುತ್ತದೆ. ಒಂದು ಹೋದಾಗ ಎಣಿಕೆ ತಗ್ಗಬಹುದು. ಆದರೂ ಗಡಿಯ ಮೇಲೆಯೇ ಉಳಿಯುವವರು ಬಹಳ ಮಂದಿ.

ತೆಂಗಿನಕಾಯಿಗೆ ಕಣ್ಣು ಮೂರು. ಮೊಳಕೆ ಒಡೆಯುವುದು ಒಂದರಿಂದಲೇ.

ಹುಂಜಗಳು ಹೇಳಿದ ಸತ್ಯ

ಒಂದು ವೃಷಣ ಸಾಕು ಎಂಬುದು ಇತ್ತೀಚೆಗೆ ಗೊತ್ತಾದ ಸಂಗತಿಯಲ್ಲ. 1849ರಲ್ಲಿ ಜರ್ಮನಿಯ ಗಟಿಂಗೆನ್‌ನಲ್ಲಿ ಆರ್ನಾಲ್ಡ್ ಬರ್ಟೋಲ್ಡ್ ಎಂಬ ವಿಜ್ಞಾನಿ ಆರು ಎಳೆ ಹುಂಜಗಳನ್ನು ತೆಗೆದುಕೊಂಡ. ಎರಡರ ಎರಡೂ ವೃಷಣ ತೆಗೆದ. ಅವಕ್ಕೆ ಜುಟ್ಟು ಬೆಳೆಯಲಿಲ್ಲ, ಅವು ಕೂಗಲಿಲ್ಲ, ಜಗಳಕ್ಕೂ ಇಳಿಯಲಿಲ್ಲ. ಉಳಿದ ನಾಲ್ಕರಲ್ಲಿ ಒಂದೊಂದೇ ವೃಷಣವನ್ನು ಮೂಲದಿಂದ ಬಿಡಿಸಿ ಹೊಟ್ಟೆಯೊಳಗೆ ಇಟ್ಟ. ಕೆಲವಕ್ಕೆ ತಮ್ಮದೇ, ಕೆಲವಕ್ಕೆ ಬೇರೆ ಹುಂಜದ್ದು. ಆ ನಾಲ್ಕೂ ಕೆಂಪು ಜುಟ್ಟು ಬಿಟ್ಟು, ಕೂಗಿ, ಕಾಲು ಕೆರೆದು ಕಾದಾಡಿದವು. ನರದ ಸಂಪರ್ಕ ಕಡಿದಿದ್ದರೂ ವೃಷಣ ತನ್ನ ಸಂದೇಶವನ್ನು ರಕ್ತದ ಮೂಲಕ ಮೈಯೆಲ್ಲ ಕಳಿಸುತ್ತದೆ ಎಂಬುದು ಅವನಿಗೆ ಖಚಿತವಾಯಿತು. ಹಾರ್ಮೋನು ಎಂಬ ಪದವೇ ಇನ್ನೂ ಹುಟ್ಟಿರದ ಕಾಲ ಅದು. ಆ ರಾಸಾಯನಿಕವನ್ನು ಬೇರ್ಪಡಿಸಿ ಟೆಸ್ಟೋಸ್ಟಿರಾನ್ ಎಂದು ಹೆಸರಿಟ್ಟದ್ದು 1935ರಲ್ಲಿ.

ಗಂಡಸಿನ ದೇಹ ದಿನಕ್ಕೆ ತಯಾರಿಸುವ ಟೆಸ್ಟೋಸ್ಟಿರಾನ್ ಸುಮಾರು 5ರಿಂದ 7 ಮಿಲಿಗ್ರಾಂ, ಚಿಟಿಕೆ ಉಪ್ಪಿಗಿಂತ ಎಷ್ಟೋ ಕಡಿಮೆ. ಅಷ್ಟರಿಂದಲೇ ಗಡ್ಡ, ದನಿ, ಮಾಂಸಖಂಡ, ಎಲುಬಿನ ಗಟ್ಟಿತನ, ರಕ್ತದ ಕೆಂಪು ಕಣ, ಕಾಮಾಸಕ್ತಿ, ಮನಸ್ಸಿನ ಹುರುಪು ಎಲ್ಲವೂ ನಡೆಯಬೇಕು. ಒಂದು ವೃಷಣ ಹೋದ ಮೇಲೆ ಇದು ಅರ್ಧಕ್ಕೆ ಇಳಿಯುವುದಿಲ್ಲವೇಕೆ?

ತಲೆಯೊಳಗಿನ ನೀರಗಂಟಿ

ಕೆರೆಯ ತೂಬಿನ ಮೇಲೆ ನೀರಗಂಟಿಯ ಕಣ್ಣು ಸದಾ ಇರುತ್ತದೆ. ಗದ್ದೆಗೆ ನೀರು ಸಾಲದಿದ್ದರೆ ತೂಬು ಎತ್ತುತ್ತಾನೆ, ಸಾಕಾದರೆ ಇಳಿಸುತ್ತಾನೆ. ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡದಾದ ಪಿಟ್ಯುಟರಿ ಗ್ರಂಥಿ ಮಾಡುವುದು ಇದೇ ಕೆಲಸ. ಅದು ಎಲ್‌ಎಚ್ ಎಂಬ ಹಾರ್ಮೋನು ಕಳಿಸಿ ವೃಷಣಕ್ಕೆ 'ಟೆಸ್ಟೋಸ್ಟಿರಾನ್ ಬಿಡು' ಎನ್ನುತ್ತದೆ. ಎಫ್‌ಎಸ್‌ಎಚ್ ಕಳಿಸಿ 'ವೀರ್ಯಾಣು ಬೆಳೆಸು' ಎನ್ನುತ್ತದೆ. ರಕ್ತದಲ್ಲಿ ಟೆಸ್ಟೋಸ್ಟಿರಾನ್ ಎಷ್ಟಿದೆ ಎಂದು ನೋಡುತ್ತಲೇ ಇರುತ್ತದೆ. ಒಂದು ವೃಷಣ ಹೋಗಿ ಮಟ್ಟ ಇಳಿದ ಕೂಡಲೇ ಪಿಟ್ಯುಟರಿ ಎಲ್‌ಎಚ್ ತೂಬನ್ನು ಇನ್ನಷ್ಟು ಎತ್ತುತ್ತದೆ. ಉಳಿದ ವೃಷಣ ಎರಡರ ಕೆಲಸಕ್ಕೆ ಇಳಿಯುತ್ತದೆ. ಚಿಕ್ಕ ವಯಸ್ಸಿನಲ್ಲೇ ಒಂದು ಹೋದವರಲ್ಲಿ ಉಳಿದದ್ದು ಗಾತ್ರದಲ್ಲೂ ಸ್ವಲ್ಪ ದೊಡ್ಡದಾಗಿ ಬೆಳೆಯುವುದನ್ನು ವೈದ್ಯರು ಕಾಣುತ್ತಾರೆ.

ಎಲ್ಲರಲ್ಲೂ ಇದು ಸಲೀಸಾಗಿ ನಡೆಯುತ್ತದೆ ಎನ್ನುವಂತಿಲ್ಲ. ಉಳಿದ ವೃಷಣ ಮೊದಲಿಂದಲೇ ಚಿಕ್ಕದಿದ್ದರೆ, ಹುಟ್ಟಿದಾಗ ಕೆಳಗಿಳಿಯದೆ ಹೊಟ್ಟೆಯಲ್ಲೇ ಇದ್ದುದಾದರೆ, ಮಂಗನಬಾವು ಬಂದಾಗ ಊದಿ ಒಣಗಿದ್ದರೆ, ಕ್ಯಾನ್ಸರಿಗೆ ಕೀಮೋಥೆರಪಿ ಆಗಿದ್ದರೆ ನೀರಗಂಟಿ ತೂಬು ಎಷ್ಟೇ ಎತ್ತಿದರೂ ನೀರು ಸಾಲದೆ ಹೋಗಬಹುದು. ಕೆಲವರಲ್ಲಿ ಈ ಕೊರತೆ ಕಾಣಿಸಿಕೊಳ್ಳುವುದು ಎಷ್ಟೋ ವರ್ಷಗಳ ನಂತರ. ಅದಕ್ಕೇ ಒಂದು ವೃಷಣದ ಗಂಡಸು ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಟೆಸ್ಟೋಸ್ಟಿರಾನ್ ಬೆಳಗ್ಗೆ ಹೆಚ್ಚು, ಸಂಜೆಗೆ ಕಡಿಮೆ. ಆದ್ದರಿಂದ ಬೆಳಗ್ಗೆ ಎಂಟರಿಂದ ಹತ್ತರೊಳಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು. ಕಡಿಮೆ ಬಂದರೆ ಬೇರೆ ದಿನ ಇನ್ನೊಮ್ಮೆ ನೋಡಬೇಕು. ಮಧ್ಯಾಹ್ನ ಊಟ ಮುಗಿಸಿ ಕೊಟ್ಟ ಒಂದೇ ರಕ್ತದ ವರದಿ ಹಿಡಿದು ಎದೆ ಒಡೆದುಕೊಳ್ಳಬೇಕಾಗಿಲ್ಲ.

ಬೆಳಗಿನ ಹೊತ್ತು ಸಹಜವಾಗಿ ಆಗುತ್ತಿದ್ದ ನಿಗುರುವಿಕೆ ನಿಂತಿರುವುದು, ಆಸಕ್ತಿಯೇ ಇಲ್ಲವಾಗುವುದು, ನಿದ್ದೆ ಮಾಡಿದರೂ ಹೋಗದ ಸುಸ್ತು, ಗಡ್ಡ ಬೆಳೆಯುವುದು ನಿಧಾನವಾಗುವುದು, ಎದೆ ಊದುವುದು, ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ ಬೆವರುವುದು, ಸಣ್ಣ ಪೆಟ್ಟಿಗೆ ಮೂಳೆ ಮುರಿಯುವುದು: ಇವು ಹಾರ್ಮೋನು ಕಡಿಮೆಯಾದ ಸೂಚನೆಗಳು. ಇವುಗಳಲ್ಲಿ ಯಾವುದಾದರೂ ಒಂದು ಕಂಡರೆ ವರ್ಷ ತುಂಬುವವರೆಗೆ ಕಾಯಬಾರದು.

ಆರು ಗಂಟೆಯ ಗಡುವು

ಒಂದು ವೃಷಣ ಕಳೆದುಕೊಳ್ಳುವ ದಾರಿಗಳು ಹಲವು. ತೆಂಗಿನ ಸೀಮೆಯಲ್ಲಿ ಮೊದಲು ನೆನಪಾಗುವುದು ಪೆಟ್ಟು. ಕಾಯಿ ಕೀಳಲು ಹತ್ತಿದವರು ಜಾರಿ ಗರಿಯ ಬುಡಕ್ಕೋ ಕಾಂಡಕ್ಕೋ ಅಪ್ಪಳಿಸಬಹುದು, ಹೋರಿ ಒದೆಯಬಹುದು, ಬೈಕಿನ ಟ್ಯಾಂಕು ಗುದ್ದಬಹುದು. ಪೆಟ್ಟಾದ ಜಾಗ ಊದಿ ಕಪ್ಪಾದರೆ ಅರಿಶಿಣ ಹಚ್ಚಿ ಮಲಗುವುದಲ್ಲ; ಸ್ಕ್ಯಾನ್ ಮಾಡಿಸಿ ಒಳಗೆ ಸಿಪ್ಪೆ ಬಿರಿದಿದೆಯೇ ನೋಡಬೇಕು. ಬಿರಿದಿದ್ದರೂ ಬೇಗ ಹೊಲಿದರೆ ಉಳಿಯುತ್ತದೆ.

ಯಾರಿಗೂ ಹೆಸರು ಗೊತ್ತಿಲ್ಲದ, ಆದರೆ ಹುಡುಗರ ವೃಷಣವನ್ನು ಕದಿಯುವ ಇನ್ನೊಂದು ತೊಂದರೆ ಇದೆ: ವೃಷಣ ತಿರುಚಿಕೊಳ್ಳುವುದು. ಬಾವಿ ಹಗ್ಗಕ್ಕೆ ಹುರಿ ಬಿದ್ದಂತೆ ವೃಷಣವನ್ನು ಹಿಡಿದ ನಾಳ ಸುತ್ತಿಕೊಂಡು ರಕ್ತ ನಿಲ್ಲುತ್ತದೆ. ಹನ್ನೆರಡರಿಂದ ಹದಿನೆಂಟರ ವಯಸ್ಸಿನಲ್ಲಿ ಇದು ಹೆಚ್ಚು. ಎಷ್ಟೋ ಬಾರಿ ನಿದ್ದೆಯಲ್ಲಿದ್ದ ಹುಡುಗ ಜೀವ ಹೋಗುವಂಥ ನೋವಿನಿಂದ ಎದ್ದು ಕೂರುತ್ತಾನೆ, ವಾಂತಿ ಮಾಡುತ್ತಾನೆ. ಅಮ್ಮ ಏನಾಯಿತೆಂದು ಕೇಳಿದರೆ "ಹೊಟ್ಟೆ ನೋವು" ಎನ್ನುತ್ತಾನೆ. ಜಾಗದ ಹೆಸರು ಹೇಳಲು ನಾಚಿಕೆ. ಅಮ್ಮ ಓಮಿನ ಕಷಾಯ ಕಾಯಿಸುತ್ತಾಳೆ. ಬೆಳಗಾಗುವ ಹೊತ್ತಿಗೆ ವೃಷಣ ಸತ್ತಿರುತ್ತದೆ.

ನೋವು ಶುರುವಾದ ಆರು ಗಂಟೆಯೊಳಗೆ ಆಪರೇಷನ್ ಮಾಡಿ ಹುರಿ ಬಿಚ್ಚಿದರೆ ನೂರಕ್ಕೆ ತೊಂಬತ್ತು ವೃಷಣಗಳು ಉಳಿಯುತ್ತವೆ. ಇಪ್ಪತ್ತನಾಲ್ಕು ಗಂಟೆ ಕಳೆದರೆ ಉಳಿಯುವುದು ಅಪರೂಪ. ಹಳ್ಳಿಯಿಂದ ತಿಪಟೂರಿಗೆ, ತಿಪಟೂರಿನಿಂದ ಸುಮಾರು 75 ಕಿಲೋಮೀಟರ್ ದೂರದ ತುಮಕೂರಿಗೆ ಅಥವಾ ಅರಸೀಕೆರೆ ದಾಟಿ ಹಾಸನಕ್ಕೆ ಹೋಗುವ ಹೊತ್ತೂ ಈ ಆರು ಗಂಟೆಯೊಳಗೇ ಸೇರಿದೆ. ಬೆಳಗಿನ ಬಸ್ಸಿಗೆ ಕಾಯುವಂತಿಲ್ಲ. ರಾತ್ರಿಯೇ 108ಕ್ಕೆ ಕರೆ ಮಾಡಿ, "ಹುಡುಗನಿಗೆ ಬೀಜದಲ್ಲಿ ನೋವು, ತಿರುಚಿರಬಹುದು" ಎಂದು ಬಾಯಿ ಬಿಟ್ಟು ಹೇಳಬೇಕು. ಒಂದು ಕಡೆ ತಿರುಚಿದ್ದರೆ ಇನ್ನೊಂದೂ ತಿರುಚುವ ಸಂಭವವಿರುವುದರಿಂದ ವೈದ್ಯರು ಆಪರೇಷನ್ನಿನಲ್ಲೇ ಅದನ್ನೂ ಹೊಲಿದು ಭದ್ರ ಮಾಡುತ್ತಾರೆ. ಆ ಹೊಲಿಗೆ ಬಿದ್ದಿದೆಯೇ ಎಂದು ಕೇಳಿ ತಿಳಿದುಕೊಳ್ಳುವುದು ಹೆತ್ತವರ ಕೆಲಸ. ಏಕೆಂದರೆ ತಿರುಚಿದ್ದು ಉಳಿಯದಿದ್ದರೆ ಇನ್ನು ಮುಂದೆ ಆ ಹುಡುಗನಿಗಿರುವುದು ಅದೊಂದೇ.

ಕೆಳಗಿಳಿಯದ ವೃಷಣದ ಮಾತೂ ಹೀಗೆಯೇ. ತಿಂಗಳು ತುಂಬಿ ಹುಟ್ಟಿದ ಗಂಡುಕೂಸುಗಳಲ್ಲಿ ನೂರಕ್ಕೆ ಮೂರರಷ್ಟು ಮಕ್ಕಳಿಗೆ ಒಂದೋ ಎರಡೋ ವೃಷಣ ಚೀಲಕ್ಕೆ ಇಳಿದಿರುವುದಿಲ್ಲ. ಬಹಳಷ್ಟು ಮಕ್ಕಳಲ್ಲಿ ಮೊದಲ ಕೆಲವು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ. ಆರು ತಿಂಗಳಾದರೂ ಇಳಿಯದಿದ್ದರೆ ಒಂದೂವರೆ ವರ್ಷದೊಳಗೆ ಆಪರೇಷನ್ ಆಗಬೇಕು. "ದೊಡ್ಡವನಾದ್ಮೇಲೆ ಸರಿಹೋಗುತ್ತೆ" ಎಂದು ಕಾದಷ್ಟೂ ಹೊಟ್ಟೆಯ ಕಾವಿನಲ್ಲಿ ಅದು ಬೇಯುತ್ತದೆ, ಮುಂದೆ ಕ್ಯಾನ್ಸರಿನ ಸಂಭವವೂ ಏರುತ್ತದೆ. ವೃಷಣ ಮೈಯ ಹೊರಗೆ ಚೀಲದಲ್ಲಿ ತೂಗುವುದೇ ಮೈಗಿಂತ ಎರಡು ಮೂರು ಡಿಗ್ರಿ ತಂಪಾಗಿರಲಿ ಎಂದು. ಒಂದು ಮಾತ್ರ ಇಳಿಯದೆ, ಕಾಲಕ್ಕೆ ಆಪರೇಷನ್ ಆದವರನ್ನು ದೊಡ್ಡವರಾದ ಮೇಲೆ ಹುಡುಕಿ ನೋಡಿದಾಗ ಮಕ್ಕಳು ಬೇಕೆಂದು ಬಯಸಿದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ತಂದೆಯಾಗಿದ್ದರು. ಉಳಿದ ಗಂಡಸರಿಗೂ ಅವರಿಗೂ ಹೆಚ್ಚು ಅಂತರವಿರಲಿಲ್ಲ. ಎರಡೂ ಇಳಿಯದೆ ಇದ್ದವರಲ್ಲಿ ಈ ಸಂಖ್ಯೆ ಬಹಳ ಕುಸಿದಿತ್ತು. ಒಂದಕ್ಕೂ ಎರಡಕ್ಕೂ ಇರುವ ದೂರ ಅಲ್ಲೇ ಕಾಣುತ್ತದೆ.

ನೋಯದ ಗಂಟು

ಕೆಂಪುಮೂತಿ ಹುಳು ಹೊಕ್ಕ ತೆಂಗಿನ ಮರ ಬಹಳ ದಿನ ಹಸಿರಾಗಿಯೇ ನಿಂತಿರುತ್ತದೆ. ಸುಳಿ ಬಾಗಿದಾಗ ಒಳಗೆಲ್ಲ ಟೊಳ್ಳು. ವೃಷಣದ ಕ್ಯಾನ್ಸರೂ ಸಾಮಾನ್ಯವಾಗಿ ನೋಯುವುದಿಲ್ಲ. ಅದು ಬರುವುದು ಮುದುಕರಿಗಿಂತ ಹದಿನೈದರಿಂದ ನಲವತ್ತರ ನಡುವಿನ, ಮದುವೆಯ ವಯಸ್ಸಿನ ಗಂಡಸರಿಗೆ. ನಮ್ಮ ದೇಶದಲ್ಲಿ ಇದು ಅಪರೂಪ; ವರ್ಷಕ್ಕೆ ಲಕ್ಷ ಗಂಡಸರಲ್ಲಿ ಒಬ್ಬರಿಗಿಂತಲೂ ಕಡಿಮೆ. ಅಪರೂಪವಾದ್ದರಿಂದಲೇ ಮರೆತುಹೋಗುತ್ತದೆ.

ತಿಂಗಳಿಗೊಮ್ಮೆ ಬಿಸಿನೀರಿನ ಸ್ನಾನವಾದ ಮೇಲೆ ಚೀಲದ ಚರ್ಮ ಸಡಿಲವಾಗಿರುವಾಗ ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಒಂದೊಂದನ್ನೇ ಹೊರಳಿಸಿ ನೋಡಿಕೊಳ್ಳುವುದು ಎರಡು ನಿಮಿಷದ ಕೆಲಸ. ಒಂದು ಸ್ವಲ್ಪ ಕೆಳಗೆ ತೂಗುವುದು ಸಹಜ. ಹಿಂಬದಿಗೆ ಮೆತ್ತನೆಯ ಹುರಿಯಂತೆ ಸಿಗುವುದೂ ಸಹಜ. ನುಣುಪಾದ ಮೈಯಲ್ಲಿ ಅಡಿಕೆಯ ಹಾಗೆ ಗಟ್ಟಿಯಾದದ್ದು ಸಿಕ್ಕರೆ, ಅಥವಾ ಒಂದು ಕಡೆ ಭಾರವೆನಿಸಿದರೆ ವೈದ್ಯರಿಗೆ ತೋರಿಸಬೇಕು. 'ಅಂಡವಾಯು ಇರಬೇಕು' ಎಂದುಕೊಂಡು ನಾಟಿ ಔಷಧ ಕಟ್ಟಿಸಿಕೊಂಡು ಕೂರಬಾರದು. ಸ್ಕ್ಯಾನ್ ಮತ್ತು ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ಎಂಬ ಮೂರು ರಕ್ತಪರೀಕ್ಷೆಗಳು ಬಹುಪಾಲು ವಿಷಯ ತಿಳಿಸುತ್ತವೆ. ಕ್ಯಾನ್ಸರ್ ಎಂಬ ಅನುಮಾನವಿದ್ದಾಗ ಚೀಲಕ್ಕೆ ಸೂಜಿ ಹಾಕಿ ನೀರು ತೆಗೆಯಬಾರದು. ತೊಡೆಸಂದಿಯಲ್ಲಿ ಕೊಯ್ದು ವೃಷಣವನ್ನು ಇಡಿಯಾಗಿ ತೆಗೆಯುವುದೇ ಸರಿಯಾದ ಕ್ರಮ.

ಈ ಕ್ಯಾನ್ಸರಿನ ಕಥೆ ಆಧುನಿಕ ವೈದ್ಯಕೀಯದ ದೊಡ್ಡ ಗೆಲುವುಗಳಲ್ಲೊಂದು. 1974ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಡಾ. ಲಾರೆನ್ಸ್ ಐನ್‌ಹಾರ್ನ್, ಮೈಯೆಲ್ಲ ಕ್ಯಾನ್ಸರ್ ಹರಡಿದ್ದ ಜಾನ್ ಕ್ಲೀಲ್ಯಾಂಡ್ ಎಂಬ ವಿದ್ಯಾರ್ಥಿಗೆ ಸಿಸ್‌ಪ್ಲಾಟಿನ್ ಎಂಬ ಪ್ಲಾಟಿನಂ ಔಷಧ ಕೊಟ್ಟರು. ಆವರೆಗೆ ಹೀಗೆ ಹರಡಿದವರಲ್ಲಿ ಬದುಕುತ್ತಿದ್ದವರು ನೂರಕ್ಕೆ ಹತ್ತು ಮಂದಿಯಷ್ಟು, ಈಗ ಎಂಬತ್ತರಷ್ಟು. ವೃಷಣದಲ್ಲೇ ಇರುವಾಗ ಸಿಕ್ಕರೆ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ. ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ಗೆ 1996ರಲ್ಲಿ ಈ ಕ್ಯಾನ್ಸರ್ ಬಂದು ಮೆದುಳಿನವರೆಗೂ ಹಬ್ಬಿತ್ತು. ಉದ್ದೀಪನ ಮದ್ದು ಸೇವಿಸಿದ್ದಕ್ಕೆ ಆತನ ಟೂರ್ ಡಿ ಫ್ರಾನ್ಸ್ ಪ್ರಶಸ್ತಿಗಳೆಲ್ಲ 2012ರಲ್ಲಿ ಹೋದವು. ಅದು ಬೇರೆ ಮಾತು. ಒಂದು ವೃಷಣ ತೆಗೆಸಿ, ಕೀಮೋ ಮುಗಿಸಿದ ಆತನಿಗೆ ಚಿಕಿತ್ಸೆಗೆ ಮೊದಲು ಕಾದಿರಿಸಿದ್ದ ವೀರ್ಯದಿಂದ ಮೂರು ಮಕ್ಕಳಾದವು. ಮುಂದೆ 2009ರಲ್ಲಿ, 2010ರಲ್ಲಿ ಯಾವ ನೆರವೂ ಇಲ್ಲದೆ ಸಹಜವಾಗಿ ಇನ್ನೆರಡು.

ಕೊಯ್ಯುವ ಮೊದಲು ಕಾದಿಡಿ

ಆ 'ಕಾದಿರಿಸುವುದು' ನಮ್ಮ ಊರುಗಳಿಗೆ ಹೊಸದಲ್ಲ. ಹಸು ಬೆದೆಗೆ ಬಂದಾಗ ಪಶು ಆಸ್ಪತ್ರೆಯವರು ಹೊಗೆಯಾಡುವ ಕ್ಯಾನಿನಿಂದ ತೆಗೆಯುವ ಕಡ್ಡಿಯೇ ಇದು. ಹೆಸರಘಟ್ಟದ ಕೇಂದ್ರಗಳಲ್ಲಿ ಹೋರಿಯ ವೀರ್ಯವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಘನೀಕರಿಸಿ ಊರೂರಿಗೆ ಕಳಿಸುತ್ತಾರಲ್ಲ, ಮನುಷ್ಯನಿಗೂ ಅದೇ ವಿಧಾನ. ಘನೀಕರಿಸಿದ ವೀರ್ಯದಿಂದ ಮನುಷ್ಯರಲ್ಲಿ ಗರ್ಭ ನಿಂತ ಮೊದಲ ವರದಿ ಬಂದದ್ದು 1953ರಲ್ಲಿ, ಅಮೆರಿಕದ ಅಯೋವಾದಿಂದ. ಕೊಬ್ಬರಿಗಾಗಿ ಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯುವ ಸೀಮೆಯವರಿಗೆ, ಇಂದು ಬೇಡದ್ದನ್ನು ನಾಳೆಗೆ ಇಡುವುದು ಏನೆಂದು ವಿವರಿಸಬೇಕಿಲ್ಲ.

ವೃಷಣದ ಕ್ಯಾನ್ಸರ್ ಇರುವವರಲ್ಲಿ ಎಷ್ಟೋ ಮಂದಿಗೆ ಆಪರೇಷನ್ನಿಗೆ ಮುಂಚೆಯೇ ವೀರ್ಯಾಣು ಕಡಿಮೆ ಇರುತ್ತದೆ. ಕೀಮೋ ಅದನ್ನು ಇನ್ನಷ್ಟು ತಗ್ಗಿಸುತ್ತದೆ. ಬಹಳ ಮಂದಿಯಲ್ಲಿ ಎರಡು ವರ್ಷದಿಂದ ಐದು ವರ್ಷದೊಳಗೆ ಮರಳುತ್ತದೆ, ಕೆಲವರಲ್ಲಿ ಮರಳುವುದೇ ಇಲ್ಲ. ಯಾರಲ್ಲಿ ಮರಳುತ್ತದೆಂದು ಮೊದಲೇ ಹೇಳಲಾಗದು. ಹೊಟ್ಟೆಯ ಹಿಂಭಾಗದ ದುಗ್ಧಗ್ರಂಥಿ ತೆಗೆಯುವ ಆಪರೇಷನ್ನಿನಲ್ಲಿ ನರಕ್ಕೆ ತಾಗಿದರೆ ವೀರ್ಯ ಹೊರಗೆ ಬರುವ ಬದಲು ಮೂತ್ರಕೋಶಕ್ಕೆ ಹಿಂದಿರುಗಬಹುದು. ಅದಕ್ಕೇ ಆಪರೇಷನ್ನಿಗೆ ಮೊದಲು, ಹೋಗಲಿ ಕೀಮೋಗಾದರೂ ಮೊದಲು, ಎರಡು ಮೂರು ಬಾರಿ ವೀರ್ಯ ಕಾದಿರಿಸುವುದು ಬುದ್ಧಿವಂತಿಕೆ. ಮದುವೆಯಾಗದ ಇಪ್ಪತ್ತರ ಹುಡುಗನಿಗೆ ಈ ಮಾತು ಹೇಳಲು ಅಪ್ಪ ಮುಜುಗರಪಡುತ್ತಾನೆ, ಅಮ್ಮನಿಗೆ ಬಾಯಿ ಬರುವುದಿಲ್ಲ. ಆ ಮುಜುಗರದ ಬೆಲೆ ಹತ್ತು ವರ್ಷದ ಮೇಲೆ ಗೊತ್ತಾಗುತ್ತದೆ. ವೀರ್ಯ ಕಾದಿರಿಸುವ ಕೇಂದ್ರ 2021ರ ನೆರವಿನ ಸಂತಾನೋತ್ಪತ್ತಿ ಕಾಯ್ದೆಯಡಿ ನೋಂದಾಯಿತವಾಗಿರಬೇಕು; ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಬೇಕು. 1973ರಿಂದ ನಡೆಯುತ್ತಿರುವ ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ಹೋದಾಗ ಮೊದಲ ಭೇಟಿಯಲ್ಲೇ, "ಮುಂದೆ ಮಕ್ಕಳು ಬೇಕು, ಏನು ಮಾಡಬೇಕು?" ಎಂದು ಕೇಳಿಬಿಡಬೇಕು.

ಎಣಿಕೆ ತೀರಾ ಕಡಿಮೆ ಉಳಿದರೂ ಬಾಗಿಲು ಮುಚ್ಚುವುದಿಲ್ಲ. ಒಂದೇ ಒಂದು ವೀರ್ಯಾಣುವನ್ನು ಅಂಡದೊಳಗೆ ಸೂಜಿಯಲ್ಲಿ ಸೇರಿಸುವ ಇಕ್ಸಿ ವಿಧಾನ 1992ರಿಂದ ಇದೆ.

ಗಂಡಸುತನದ ಸೂಜಿ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ: ಮಕ್ಕಳು ಬೇಕೆನ್ನುವ ಗಂಡಸು ಟೆಸ್ಟೋಸ್ಟಿರಾನ್ ಸೂಜಿ ಹಾಕಿಸಿಕೊಳ್ಳಬಾರದು.

ಕೇಳಲು ವಿಚಿತ್ರ. ಕಡಿಮೆಯಾದದ್ದನ್ನು ತುಂಬಿದರೆ ಒಳ್ಳೆಯದಲ್ಲವೇ? ನೀರಗಂಟಿಯನ್ನು ನೆನೆಯಿರಿ. ಹೊರಗಿನಿಂದ ಟ್ಯಾಂಕರಿನಲ್ಲಿ ನೀರು ತಂದು ಗದ್ದೆಗೆ ಬಿಟ್ಟರೆ ಅವನು 'ಸಾಕಾಯಿತು' ಎಂದು ತೂಬು ಪೂರ್ತಿ ಇಳಿಸುತ್ತಾನೆ. ಪಿಟ್ಯುಟರಿ ಎಲ್‌ಎಚ್, ಎಫ್‌ಎಸ್‌ಎಚ್ ಎರಡನ್ನೂ ನಿಲ್ಲಿಸುತ್ತದೆ. ವೃಷಣದೊಳಗಿನ ಟೆಸ್ಟೋಸ್ಟಿರಾನ್ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚಿದ್ದರೆ ಮಾತ್ರ ವೀರ್ಯಾಣು ಬೆಳೆಯುವುದು. ಸೂಜಿಯ ಹಾರ್ಮೋನು ಆ ಮಟ್ಟ ಕೊಡಲಾರದು. ವೀರ್ಯಾಣು ಸೊನ್ನೆಗೂ ಇಳಿಯಬಹುದು. ವಿಶ್ವ ಆರೋಗ್ಯ ಸಂಸ್ಥೆ ಇದೇ ಸೂಜಿಯನ್ನು ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿತ್ತು. ವಾರಕ್ಕೊಂದು ಸೂಜಿ ಹಾಕಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ವೀರ್ಯದಲ್ಲಿ ವೀರ್ಯಾಣುವೇ ಇಲ್ಲವಾಗಿತ್ತು. ನಿಲ್ಲಿಸಿದ ಮೇಲೆ ಮರಳಲು ತಿಂಗಳುಗಳು, ಕೆಲವರಿಗೆ ವರ್ಷಕ್ಕೂ ಮಿಕ್ಕಿ ಬೇಕು. ಜಿಮ್‌ನಲ್ಲಿ ಮೈ ಕಟ್ಟಲು ಕೊಡುವ ಸ್ಟೀರಾಯ್ಡ್ ಮಾಡುವುದೂ ಇದನ್ನೇ. ಒಂದೇ ವೃಷಣವಿರುವವನು ಅದನ್ನೂ ಹೀಗೆ ಮಲಗಿಸಿದರೆ ಕೈಯಾರೆ ಬೀಜ ಒಡೆಸಿಕೊಂಡಂತೆ.

ಹಾರ್ಮೋನು ನಿಜವಾಗಿಯೂ ಕಡಿಮೆಯಿದ್ದು ಮಕ್ಕಳೂ ಬೇಕಿದ್ದರೆ ಎಚ್‌ಸಿಜಿ ಸೂಜಿ, ಕ್ಲೋಮಿಫೀನ್ ಮಾತ್ರೆಯಂಥ ಬೇರೆ ದಾರಿಗಳಿವೆ. ಅವು ತೂಬು ಮುಚ್ಚದೆ ವೃಷಣವನ್ನೇ ದುಡಿಸುತ್ತವೆ. ಮಕ್ಕಳು ಸಾಕು ಎನ್ನುವವರಿಗೆ ಮತ್ತು ಎರಡೂ ವೃಷಣ ಕಳೆದುಕೊಂಡವರಿಗೆ ಟೆಸ್ಟೋಸ್ಟಿರಾನ್ ಚಿಕಿತ್ಸೆ ವರವೇ ಸರಿ. ಎರಡೂ ಇಲ್ಲದವರಿಗೆ ಅದು ಎಲುಬಿಗೂ ರಕ್ತಕ್ಕೂ ಮನಸ್ಸಿಗೂ ಆಯುಷ್ಯಪೂರ್ತಿ ಬೇಕು. ಎಲ್ಲವೂ ವೈದ್ಯರ ಕಣ್ಣಳತೆಯಲ್ಲಿ, ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸಿಕೊಂಡು ನಡೆಯಬೇಕು.

ಹೆಣ್ಣಿಗಿರುವ ಬೈಗುಳ

ಮಕ್ಕಳಾಗದ ಹೆಣ್ಣಿಗೆ ಕನ್ನಡದಲ್ಲಿ ಒಂದು ಕ್ರೂರ ಪದವಿದೆ, ಎಲ್ಲರಿಗೂ ಗೊತ್ತು. ವೀರ್ಯಾಣು ಮಾತ್ರ ಇಲ್ಲದ ಗಂಡಿಗೆ ಅಂಥದೊಂದು ಪ್ರತ್ಯೇಕವಾದ ದಿನಬಳಕೆಯ ಪದವೇ ಇಲ್ಲ. ಪದವಿಲ್ಲವೆಂದರೆ ದೋಷವೂ ಇಲ್ಲವೆಂದು ಸಮಾಜ ತಿಳಿದಂತಿದೆ. ಅರಳಿಕಟ್ಟೆ ಸುತ್ತುವುದು ಸೊಸೆಯ ಪಾಲು, ಉಪವಾಸ ಸೊಸೆಯ ಪಾಲು, ಸ್ಕ್ಯಾನ್ ಮೇಲೆ ಸ್ಕ್ಯಾನ್ ಸೊಸೆಯದೇ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ಹೆಣ್ಣಿನ ದೇಹದ ಬಗ್ಗೆ ಕನ್ನಡದಲ್ಲಿ ಮುಚ್ಚುಮರೆಯಿಲ್ಲದೆ ಬರೆದ ವೈದ್ಯೆ ಡಾ. ಅನುಪಮಾ ನಿರಂಜನ ಅವರ 'ದಾಂಪತ್ಯ ದೀಪಿಕೆ' ಮನೆಮನೆ ತಲುಪಿತು. ಗಂಡಸಿನ ದೇಹದ ಬಗ್ಗೆ ಅಷ್ಟು ಬಿಡುಬೀಸಾಗಿ ಮಾತಾಡುವ ರೂಢಿ ಇನ್ನೂ ಬೆಳೆದಿಲ್ಲ.

ವೀರ್ಯ ಪರೀಕ್ಷೆಯಷ್ಟು ಸುಲಭದ, ನೋವಿಲ್ಲದ ಪರೀಕ್ಷೆ ಇನ್ನೊಂದಿಲ್ಲ. ಎರಡರಿಂದ ಏಳು ದಿನ ಸಂಯಮದಿಂದಿದ್ದು ಲ್ಯಾಬಿನಲ್ಲೇ, ಅಥವಾ ಮನೆಯಿಂದ ತಂದರೆ ಒಂದು ಗಂಟೆಯೊಳಗೆ, ಕೊಡಬೇಕು. ವೀರ್ಯಾಣು ಒಂದು ಸುತ್ತು ಬೆಳೆಯಲು ಎರಡೂವರೆ ತಿಂಗಳು ಬೇಕಾದ್ದರಿಂದ ಮೊದಲ ಬಾರಿ ಕಡಿಮೆ ಬಂದರೆ ಮೂರು ತಿಂಗಳು ಬಿಟ್ಟು ಮತ್ತೆ ನೋಡಬೇಕು. ನಡುವೆ ಬಂದುಹೋದ ಒಂದು ಜ್ವರವೂ ಎಣಿಕೆ ಇಳಿಸಬಲ್ಲದು. ಬೀಡಿ, ಗುಟ್ಕಾ, ಹೆಂಡ, ಬೊಜ್ಜು, ಆಲೆಮನೆಯ ಒಲೆಯ ಮುಂದೆ ಅಥವಾ ಲಾರಿಯ ಬಿಸಿ ಸೀಟಿನ ಮೇಲೆ ದಿನವಿಡೀ ಕೂರುವುದು, ಇವೆಲ್ಲ ಉಳಿದ ಒಂದಕ್ಕೆ ಭಾರ. ಕ್ರಿಕೆಟ್ಟು ಕಬಡ್ಡಿ ಆಡುವ ಹುಡುಗ ಗಾರ್ಡ್ ಕಟ್ಟಿಕೊಳ್ಳಲಿ. ಕ್ಯಾನ್ಸರಿಗೆ ಒಂದು ತೆಗೆಸಿದವರಲ್ಲಿ ನೂರಕ್ಕೆ ಎರಡರಿಂದ ಐದು ಮಂದಿಗೆ ಮುಂದೆ ಇನ್ನೊಂದರಲ್ಲೂ ಬರಬಹುದು. ತಿಂಗಳ ತಪಾಸಣೆ ಅವರಿಗೆ ಕಡ್ಡಾಯ. ಅಣ್ಣತಮ್ಮಂದಿರೂ ನೋಡಿಕೊಳ್ಳುತ್ತಿರಬೇಕು.

ಮದುವೆಯ ಮಾತುಕತೆಯಲ್ಲಿ ಈ ವಿಷಯ ಹೇಳಬೇಕೇ? ಹೇಳಬೇಕು. ಮುಚ್ಚಿಟ್ಟು ತಾಳಿ ಕಟ್ಟಿದ ಮೇಲೆ ಗೊತ್ತಾದರೆ ಮುರಿಯುವುದು ನಂಬಿಕೆ. ಆದರೆ ತಲೆ ತಗ್ಗಿಸಿ ತಪ್ಪೊಪ್ಪಿಗೆಯಂತೆ ಹೇಳಬೇಕಾಗಿಲ್ಲ. ಹುಡುಗಿಗೆ ನೇರವಾಗಿ, ಸಾಧ್ಯವಾದರೆ ವೀರ್ಯ ಪರೀಕ್ಷೆ ಮತ್ತು ಹಾರ್ಮೋನಿನ ವರದಿ ಕೈಯಲ್ಲಿ ಹಿಡಿದು, ಮೂತ್ರಪಿಂಡ ಒಂದೇ ಇದೆ ಎಂದು ಹೇಳುವಷ್ಟೇ ಸಹಜವಾಗಿ ಹೇಳಬೇಕು. ಚೀಲ ಖಾಲಿ ಕಾಣುವುದು ಮನಸ್ಸಿಗೆ ಚುಚ್ಚಿದರೆ ಸಿಲಿಕೋನಿನ ಕೃತಕ ವೃಷಣ ಇಡಿಸಿಕೊಳ್ಳಬಹುದು. ಅದು ನೋಟಕ್ಕೆ ಮಾತ್ರ, ಬೇಕೋ ಬೇಡವೋ ಅವರವರ ಇಷ್ಟ. ಮದುವೆಯಾಗಿ ಮಕ್ಕಳು ಬೇಕೆಂದಾಗ ಬೇರೆಯವರಂತೆ ವರ್ಷ ಕಾಯದೆ ಮೊದಲೇ ಒಮ್ಮೆ ವೀರ್ಯ ಪರೀಕ್ಷೆ ಮಾಡಿಸಿದರೆ ಸೊಸೆಯ ಎಷ್ಟೋ ಉಪವಾಸ ತಪ್ಪುತ್ತದೆ.

ಇಷ್ಟೆಲ್ಲಕ್ಕೂ ಮೊದಲ ಹೆಜ್ಜೆ ಮನೆಯೊಳಗೆ ಒಂದು ಮಾತು. ಹನ್ನೆರಡು ತುಂಬಿದ ಮಗನನ್ನು ಅಪ್ಪನೋ ಚಿಕ್ಕಪ್ಪನೋ ಮಾವನೋ ತೋಟಕ್ಕೆ ಕರೆದುಕೊಂಡು ಹೋಗಿ ಹೀಗೆ ಹೇಳಿದರೆ ಸಾಕು: "ಅಲ್ಲಿ ನೋವು ಬಂದ್ರೆ ಹೊಟ್ಟೆನೋವು ಅನ್ಬೇಡ ಕಣಪ್ಪ. ಎಷ್ಟೊತ್ತಾದ್ರೂ ಸರಿ, ನನ್ನ ಎಬ್ಬಿಸು."